ಕಕ್ಕಸು ಎಂಬ ಸಮಾಸಪದದ ವೃತ್ತಾಂತ

ಎರಡು ಪದಗಳು ತಮ್ಮ ನಡುವಣ ವಿಭಕ್ತಿಪ್ರತ್ಯಯವನ್ನು ಕಳೆದುಕೊಂಡು ಒಂದೇ ಪದವಾಗಿ ನಿಲ್ಲುವುದಕ್ಕೆ ನಮ್ಮ ವೈಯಾಕರಣರು ಸಮಾಸವೆಂದು ಹೆಸರಿಟ್ಟರು. ಈ ವಿದ್ಯೆಯಲ್ಲಿ ಸಂಸ್ಕೃತಕ್ಕೆ ಸರಿಗಟ್ಟುವ ಭಾಷೆ ಬೇರೊಂದಿಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆಯಾದರೂ, ಯೂರೋಪಿನ ವಾಯವ್ಯ ತೀರದಲ್ಲಿ, ಕಡಲಿಗೆ ಒಡ್ಡು ಕಟ್ಟಿ ನೀರನ್ನು ಹಿಮ್ಮೆಟ್ಟಿಸಿ ಪಡೆದ ನೆಲದ ಮೇಲೆ ಬಾಳುತ್ತಿರುವ ಡಚ್ಚರ ಭಾಷೆಯೂ ಪದಕ್ಕೆ ಪದವನ್ನು ಪೋಣಿಸುವುದರಲ್ಲಿ ಅಷ್ಟೇನೂ ಹಿಂದೆ ಬಿದ್ದುದಲ್ಲ. ಅವರು ಆಸ್ಪತ್ರೆಯನ್ನು ರೋಗಿಗಳ ಮನೆಯೆಂದೂ, ಅನಾಥಾಲಯವನ್ನು ತಬ್ಬಲಿಗಳ ಮನೆಯೆಂದೂ, ಉಗ್ರಾಣವನ್ನು ಮೂಟೆಗಳ ಮನೆಯೆಂದೂ, ಪುರಸಭೆಯ ಕಟ್ಟಡವನ್ನು ಪಟ್ಟಣದ ಮನೆಯೆಂದೂ ಒಂದೊಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ಈ ಎಲ್ಲವುಗಳ ಕೊನೆಯಲ್ಲಿಯೂ ಬರುವುದು ಮನೆಯೆಂಬರ್ಥದ ಹೌಸ್ ಎಂಬ ಒಂದೇ ಉತ್ತರಪದ. ಇಂತಹ ಮನೆಗಳ ಸಾಲಿನಲ್ಲಿ ಇನ್ನೂ ಒಂದು ಮನೆಯಿತ್ತು. ಅದು ತನ್ನ ತಾಯ್ನಾಡಿನಲ್ಲಿ ಶಿಷ್ಟರ ಬಾಯಿಂದ ಎಂದೋ ಮರೆಯಾಗಿ, ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ. ಆ ಪದವೇ ಕಕ್ಕಸು.

ಪತ್ರಿಕೆಯ ಅಂಕಣದಲ್ಲಿ ಇಂತಹ ಪದವನ್ನು ವಿಚಾರಕ್ಕೆ ಎತ್ತಿಕೊಳ್ಳುವುದೇ ಎಂದು ಹುಬ್ಬು ಗಂಟಿಕ್ಕುವ ವಾಚಕ ಮಹಾಶಯರಿಗೆ ನಾನು ಹೇಳುವ ಸಮಾಧಾನ ಇಷ್ಟೆ: ನಮ್ಮ ಧರ್ಮಶಾಸ್ತ್ರಕಾರರು ಶೌಚವಿಧಿಯನ್ನು ದಿಕ್ಕು, ದೂರ, ಮೃತ್ತಿಕೆ, ಜಲ ಎಂದು ಸಾಂಗವಾಗಿ ವಿವರಿಸುವಾಗ ಕಿಂಚಿತ್ತೂ ಸಂಕೋಚಪಟ್ಟವರಲ್ಲ, ಅವರಿಗಿಲ್ಲದ ಸಂಕೋಚವು ಪದದ ಹುಟ್ಟನ್ನು ಅರಸುವವನಿಗೆ ಏತಕ್ಕೆ?

ಡಚ್ ಭಾಷೆಯಲ್ಲಿ ಕಕ್ ಎಂದರೆ ಮಲ, ಹೌಸ್ ಎಂದರೆ ಮನೆ. ಕಕ್ಕಿಗಾಗಿ ಇರುವ ಮನೆ ಕಕ್‌ಹೌಸ್. ಪಾಠಶಾಲೆಯ ವ್ಯಾಕರಣದಲ್ಲಿ ಇದನ್ನು ವಿಗ್ರಹವಾಕ್ಯಸಹಿತವಾಗಿ ತತ್ಪುರುಷ ಸಮಾಸದ ಕೆಳಗೆ ಬರೆಯಬೇಕು. ಪೂರ್ವಪದಕ್ಕೆ ಬಂಧುಬಳಗ ದೊಡ್ಡದು: ಲ್ಯಾಟಿನ್ನಿನ ಕಕಾರೆ, ಜರ್ಮನ್ನಿನ ಕಕ್ಕನ್, ಗ್ರೀಕಿನ ಕಕ್ಕೇ ಇವೆಲ್ಲವೂ ಒಂದೇ ಮನೆತನದವು. ಇಂಗ್ಲಿಷರ ಪೂರ್ವಿಕರಲ್ಲಿಯೂ, ಫ್ರೆಂಚರ ಆಳ್ವಿಕೆ ಅವರ ನಾಲಗೆಯನ್ನು ತಿದ್ದುವುದಕ್ಕೆ ಮುಂಚೆ, ಇದೇ ಅರ್ಥದ, ಇದೇ ಅಂಗಗಳ ಒಂದು ಸಮಾಸವಿತ್ತು; ಅವರು ಅದನ್ನು ಕಳೆದುಕೊಂಡರು. ಉತ್ತರಪದದ ಸ್ವರವನ್ನು ಕುರಿತು ಎರಡು ಮಾತು ಅವಶ್ಯ. ಇಂದಿನ ಡಚ್ಚರು ಅದನ್ನು ಹೌಸ್‌ಗೂ ಹೊಯ್ಸ್‌ಗೂ ನಡುವಣ ಒಂದು ಸಂಧ್ಯಕ್ಷರದಿಂದ ಉಚ್ಚರಿಸುತ್ತಾರೆ. ಹಿಂದೆ ಅದು ದೀರ್ಘ ಊಕಾರದ ಹೂಸ್ ಆಗಿತ್ತು. ಝೀಲಂಡ್ ಪ್ರಾಂತದ ಆಡುನುಡಿಯಲ್ಲಿ ಆ ಏಕಸ್ವರದ ಉಚ್ಚಾರ ಇಂದಿಗೂ ಅಳಿದಿಲ್ಲ. 1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಪ್ರಾದೇಶಿಕ ಮಂಡಲಿಗಳಲ್ಲಿ ಝೀಲಂಡಿನದೂ ಒಂದು. ಆ ಕರಾವಳಿಯ ನಾವಿಕರು, ಬಡಗಿಗಳು, ಸಿಪಾಯಿಗಳು ಹಡಗು ಹತ್ತಿ ನಮ್ಮ ಕಡಲಂಚಿಗೆ ಬಂದಾಗ ಪುಸ್ತಕದ ಉಚ್ಚಾರವನ್ನು ತಂದರೆಂದು ಎಣಿಸುವುದಕ್ಕಿಂತ ಮನೆಯ ಉಚ್ಚಾರವನ್ನು ತಂದರೆಂದು ಎಣಿಸುವುದೇ ಯುಕ್ತ. ತಮಿಳು ಮಲಯಾಳಗಳ ಕಕ್ಕೂಸ್ ಎಂಬ ರೂಪದ ದೀರ್ಘ ಊಕಾರಕ್ಕೆ ಇದೇ ಕಾರಣವೆಂದು ಊಹಿಸಲು ಅಡ್ಡಿಯಿಲ್ಲ. ಹೂಸ್ ಎಂಬ ನಾದ ಕನ್ನಡಿಗನ ಕಿವಿಗೆ ಇನ್ನೊಂದು ಅರ್ಥವನ್ನು ಹೊಳೆಯಿಸಿ ನಗೆ ತರಿಸುವುದುಂಟು. ಅದು ಕೇವಲ ಕಾಕತಾಳೀಯ.

ಕನ್ನಡಕ್ಕೆ ಬರುವಷ್ಟರಲ್ಲಿ ಪದವು ಇನ್ನಷ್ಟು ಸವೆಯಿತು. ಕಕಾರಕ್ಕೆ ತಗುಲಿದ ಹಕಾರ ಲೋಪವಾಗಿ ಅದರ ಎಡೆಯಲ್ಲಿ ದ್ವಿತ್ವವು ನಿಂತಿತು. ವ್ಯಂಜನಾಂತವನ್ನು ಸಹಿಸದ ನಮ್ಮ ನುಡಿ ತುದಿಗೆ ಉಕಾರವನ್ನು ಹಚ್ಚಿತು. ನಡುವಣ ದೀರ್ಘಸ್ವರ ಬಾಯಿಂದ ಬಾಯಿಗೆ ಉರುಳುತ್ತ ಅಕಾರಕ್ಕೆ ಇಳಿಯಿತು. ಕಕ್ಕೂಸು ಎಂದು ಇಂದಿಗೂ ದೀರ್ಘವಾಗಿ ಎಳೆಯುವವರು ಇಲ್ಲದಿಲ್ಲ. ಈ ಪರಿಣಾಮಗಳೆಲ್ಲ ಮುಗಿದ ಮೇಲೆ ಪದದಲ್ಲಿ ಪೂರ್ವಪದವೆಲ್ಲಿ ಮುಗಿಯಿತು, ಉತ್ತರಪದವೆಲ್ಲಿ ತೊಡಗಿತು ಎಂಬ ಬೆಸುಗೆಯ ಗುರುತು ಸಂಪೂರ್ಣವಾಗಿ ಅಳಿಸಿಹೋಯಿತು. ಸಮಾಸಪದವೊಂದು ಪರಭಾಷೆಯನ್ನು ಹೊಕ್ಕಾಗ ಮೊದಲು ಸಾಯುವುದು ಅದರ ವಿಗ್ರಹವಾಕ್ಯ. ಮಿಕ್ಕುದು ಬರಿಯ ಶಬ್ದಶರೀರ. ಈ ಲೇಖನದ ಮುಂದಿನ ಮಾತೆಲ್ಲವೂ ಆ ಒಂದು ಸಂಗತಿಯ ಪರಿಣಾಮಗಳನ್ನು ಕುರಿತದ್ದು.

ವಿಗ್ರಹವಾಕ್ಯ ಸತ್ತ ಪದಕ್ಕೆ ಊರಿನವರು ತಾವೇ ಒಂದು ವಿಗ್ರಹವನ್ನು ಕಟ್ಟಿಕೊಡುವುದು ಲೋಕರೂಢಿ. ಕಕ್ಕಸು ಎಂಬುದು ನಮ್ಮ ಕಕ್ಕು ಎಂಬ ಧಾತುವಿನಿಂದ ಬಂತೆಂದು ವಾದಿಸಿದವರನ್ನು ನಾನು ಬಲ್ಲೆ. ಆದರೆ ಕಕ್ಕುವುದು ಬಾಯಿಂದ ವಮನ ಮಾಡುವುದಷ್ಟೆ, ಆ ಅರ್ಥವನ್ನು ದೇಹದ ಇನ್ನೊಂದು ತುದಿಗೆ ಒಯ್ಯಲು ಯಾವ ಲಕ್ಷಣಾವೃತ್ತಿಗೂ ಸಾಮರ್ಥ್ಯ ಸಾಲದು. ಸ್ವಲ್ಪ ಓದಿದವರು ಸಂಸ್ಕೃತದ ಕರ್ಕಶ ಶಬ್ದವು ಪ್ರಾಕೃತದಲ್ಲಿ ಕಕ್ಕಸವಾದುದನ್ನು ನೆನೆದು, ಒರಟು, ಅಸಹ್ಯ, ಅಸಹ್ಯವಾದ ಸ್ಥಳ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾರೆ. ಜಾಣತನದ ವಾದವೇ ಹೌದು; ಮೊದಲ ಮೆಟ್ಟಿಲಿನಿಂದ ಮುಂದಿನವುಗಳಿಗೆ ಮಾತ್ರ ಪ್ರಯೋಗದ ಆಧಾರವಿಲ್ಲ. ಈ ಎರಡಕ್ಕಿಂತಲೂ ಬಲವಾದದ್ದು ಮೂರನೆಯ ಸಂದೇಹ. ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳು ಕಕ್ಕ ಎಂದು ಹೇಳುವುದು ಯಾವ ಡಚ್ಚನಿಂದಲೂ ಕಲಿತದ್ದಲ್ಲ. ಹಲ್ಲು ಮೂಡದ ಬಾಯಿಗೆ ಅಮ್ಮ, ಅಪ್ಪ, ಕಕ್ಕ ಎಂಬ ದ್ವಿತ್ವಾಕ್ಷರಗಳು ಸುಲಭಸಾಧ್ಯವಾದುವು. ಆದುದರಿಂದಲೇ ಪರಸ್ಪರ ಸಂಬಂಧವಿಲ್ಲದ ಭಾಷೆಗಳಲ್ಲಿಯೂ ಶಿಶುಗಳ ಈ ಪದ ಒಂದೇ ಬಗೆಯಾಗಿ ಕೇಳಿಬರುತ್ತದೆ. ಹಾಗಾದರೆ ಕಕ್ಕಸು ನಮ್ಮ ಕಕ್ಕದಿಂದಲೇ ಏಕೆ ಹುಟ್ಟಿರಬಾರದು?

ಹುಟ್ಟಿದ್ದರೆ ತುದಿಯಲ್ಲಿರುವ ಸಕಾರಕ್ಕೆ ಕನ್ನಡದಲ್ಲಿ ಪ್ರತ್ಯಯವೊಂದನ್ನು ತೋರಿಸಬೇಕಾಗುತ್ತದೆ. ಸ್ಥಳವಾಚಕವಾದ ಅಂತಹ ಪ್ರತ್ಯಯ ನಮ್ಮಲ್ಲಿಲ್ಲ. ಇದಕ್ಕಿಂತ ನಿರ್ಣಾಯಕವಾದ ಪ್ರಮಾಣ ಭೂಪಟದಲ್ಲಿದೆ. ಡಚ್ಚರು 1613ರಲ್ಲಿ ಚೋಳಮಂಡಲ ತೀರದ ಪುಲಿಕಾಟಿನಲ್ಲಿ ಗೆಲ್ಡ್ರಿಯಾ ಕೋಟೆಯನ್ನು ಕಟ್ಟಿದರು. 1658ರಲ್ಲಿ ನಾಗಪಟ್ಟಣವನ್ನು ಪೋರ್ಚುಗೀಸರಿಂದ ಕಿತ್ತುಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ ಕೊಲಂಬೊ, ಐದು ವರ್ಷ ತರುವಾಯ ಕೊಚ್ಚಿ ಅವರ ವಶವಾದುವು. ಜಾವಾದ ಬಟಾವಿಯ 1619ರಿಂದಲೇ ಅವರ ಪ್ರಾಚ್ಯ ರಾಜಧಾನಿ. ಈಗ ಈ ಪದ ಎಲ್ಲೆಲ್ಲಿ ಉಂಟೆಂದು ನೋಡಿರಿ: ತಮಿಳಿನಲ್ಲಿ ಕಕ್ಕೂಸ್, ಮಲಯಾಳದಲ್ಲಿ ಕಕ್ಕೂಸ್, ಸಿಂಹಳದಲ್ಲಿ ಕಕ್ಕುಸ್ಸಿ, ಮಲಯ ಮತ್ತು ಇಂಡೊನೇಷ್ಯದ ಭಾಷೆಗಳಲ್ಲಿ ಕಾಕುಸ್. ಡಚ್ಚರ ಕೋಟೆಗಳನ್ನು ಗುರುತಿಸಿದ ಪಟವನ್ನೂ ಈ ಪದದ ಪಟವನ್ನೂ ಒಂದರ ಮೇಲೊಂದು ಇಟ್ಟರೆ ಎರಡೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಸೂರತ್ತಿನಲ್ಲಿಯೂ ವಂಗದೇಶದ ಚಿನ್ಸುರಾದಲ್ಲಿಯೂ ಅವರ ಕೋಠಿಗಳಿದ್ದುವು, ನಿಜ. ಆದರೆ ಅಲ್ಲಿ ಪಾಯಖಾನೆಯೆಂಬ ಪಾರಸಿಯ ಪದ ಮೊದಲೇ ಪೀಠಸ್ಥವಾಗಿದ್ದುದರಿಂದ ಹೊಸಬನಿಗೆ ಎಡೆ ಸಿಕ್ಕಲಿಲ್ಲವೆಂದು ತೋರುತ್ತದೆ. ಮಕ್ಕಳ ಕಕ್ಕವು ಪದವನ್ನು ಹುಟ್ಟಿಸಲಿಲ್ಲ. ಬಂದ ಪದ ಪರಕೀಯವೆನಿಸದಂತೆ ಅದಕ್ಕೆ ನೆಂಟಸ್ತಿಕೆಯನ್ನು ಕಲ್ಪಿಸಿಕೊಟ್ಟಿತು, ಅಷ್ಟೆ.

ಪದವು ಸಮುದ್ರತೀರದಿಂದ ತುಂಗಭದ್ರೆಯ ಬಯಲಿಗೆ ಬಂದ ಹಾದಿ ಯಾವುದು? ಕೈಗೆಟಕುವಂತೆ ಕಾಣುವ ಉತ್ತರ ಬಸರೂರು. ಚನ್ನಗಿರಿಗೆ ಆ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದುದೆಂದು ಪ್ರತೀತಿಯುಂಟಷ್ಟೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಆಕೆ ಆಳುತ್ತಿದ್ದಾಗ, ಆಕೆಯ ರಾಜ್ಯಕ್ಕೇ ಸೇರಿದ್ದ ಕರಾವಳಿಯ ಬಸರೂರಿನಲ್ಲಿ ಡಚ್ಚರು ಅಕ್ಕಿಗಾಗಿಯೂ ಮೆಣಸಿಗಾಗಿಯೂ ವ್ಯಾಪಾರ ನಡೆಸಿದ್ದರು. ಕಾನಡಾ ತೀರದ ಅಕ್ಕಿ ಅವರ ದಂಡುಗಳ ಹೊಟ್ಟೆ ತುಂಬಿಸುತ್ತಿತ್ತು. ಕರಾವಳಿಯ ಕೋಠಿಯಿಂದ ಘಟ್ಟ ಹತ್ತಿ, ಒಂದೇ ರಾಣಿಯ ನೆರಳಿನಲ್ಲಿ, ಪದವು ಚನ್ನಗಿರಿಯ ಕೋಟೆಯ ಬುಡಕ್ಕೆ ಬಂತೆಂದು ಹೇಳಿದರೆ ಕಥೆ ಎಷ್ಟು ಸೊಗಸಾಗಿರುತ್ತಿತ್ತು! ಆದರೆ ಸೊಗಸು ಪ್ರಮಾಣವಲ್ಲ. ಬಸರೂರಿನಲ್ಲಿ ಡಚ್ಚರು ಒಡೆಯರಾಗಿರಲಿಲ್ಲ, ಗಿರಾಕಿಗಳಾಗಿದ್ದರು. ಅಕ್ಕಿ ಕೊಳ್ಳಲು ಬಂದವನು ತನ್ನ ಹಿತ್ತಲಿನ ಪದವನ್ನು ಊರಿಗೆ ಕೊಟ್ಟುಹೋಗುವುದು ಅಪೂರ್ವ. ಕೋಟೆ ಕಟ್ಟಿ, ಬೀದಿ ಹಾಕಿ, ಆಳುಕಾಳುಗಳಿಂದ ತನ್ನ ಮನೆಯನ್ನು ಗುಡಿಸಿಸಿಕೊಂಡು ನೂರಾರು ವರ್ಷ ನೆಲೆಸಿದವನೇ ಅಂತಹ ಪದವನ್ನು ಕೊಡಬಲ್ಲ. ಆ ಬಗೆಯ ನೆಲೆ ಅವರಿಗೆ ದೊರೆತದ್ದು ತಮಿಳು ತೀರದಲ್ಲಿ, ಸಿಂಹಳದಲ್ಲಿ, ಕೊಚ್ಚಿಯಲ್ಲಿ. ನಮ್ಮ ಕರಾವಳಿಯ ಕಕ್ಕೂಸು ಕೊಚ್ಚಿಯ ಕಡೆಯಿಂದಲೂ, ಬಯಲುಸೀಮೆಯ ಕಕ್ಕಸು ತಮಿಳಿನ ಕಡೆಯಿಂದಲೂ ಬಂದಿರಬೇಕೆಂಬುದು ನನ್ನ ಅಭಿಮತ.

ತಮಿಳಿನಿಂದ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮದರಾಸಿನ ಸೈನ್ಯವು ಮೈಸೂರು ಸೀಮೆಯಲ್ಲಿ ಅಲ್ಲಲ್ಲಿ ದಂಡು ಇಳಿಯಿತು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಏರ್ಪಟ್ಟಿತು. ಹೊನ್ನಾಳಿಗೆ ನೆರೆಯದಾದ ಹರಿಹರದ ಬಳಿಯಲ್ಲಿಯೂ 1865ರವರೆಗೆ ದೇಶೀ ಸಿಪಾಯಿಗಳ ಒಂದು ದಳ ಬೀಡುಬಿಟ್ಟಿತ್ತು. ಇಂತಹ ದಂಡಿನ ಹಿಂದೆ ಬಂದ ಅಡುಗೆಯವರು, ಅಗಸರು, ಕುದುರೆ ನೋಡುವವರು, ಗುಡಿಸುವವರು ಇವರಲ್ಲಿ ತಮಿಳು ಮಾತನಾಡುವವರು ವಿಪುಲವಾಗಿದ್ದರು. ದಂಡಿಗೆ ಸಾಲಾಗಿ ಕಟ್ಟಿದ ಕೋಣೆಗಳು ಬೇಕು. ಕೋಣೆಗೆ ಹೆಸರು ಬೇಕು. ಆ ಹೆಸರು ಅವರ ನಾಲಗೆಯಲ್ಲಿ ಸಿದ್ಧವಾಗಿತ್ತು. ಬಿಳಿಯ ಅಧಿಕಾರಿ ತನ್ನ ಮಾತಿನಲ್ಲಿ ಬೇರೇನೋ ಹೇಳುತ್ತಿದ್ದನು. ಆತನ ಸೇವಕರು ಅದಕ್ಕೆ ಒಂದೂವರೆ ಶತಮಾನ ಹಳೆಯದಾದ, ಬೇರೊಬ್ಬ ಬಿಳಿಯನ ಪದವನ್ನು ಬಳಸುತ್ತಿದ್ದರು.

ಹೆಸರು ಬೇಕಾದದ್ದೇಕೆಂದರೆ, ವಸ್ತುವೇ ನಮ್ಮಲ್ಲಿರಲಿಲ್ಲ. ಮಲಕ್ಕೆ ಅಚ್ಚಗನ್ನಡದ ಪದ ಹಳಗನ್ನಡದ ಕಾಲದಿಂದಲೂ ಉಂಟು. ಪಕಾರದಿಂದ ತೊಡಗುತ್ತಿದ್ದುದು ಹಕಾರವಾಗಿ ಇಂದಿಗೂ ಜೀವಂತವಾಗಿದೆ. ಆ ಪದಕ್ಕೆ ಮನೆಯನ್ನು ಸೇರಿಸಿ ಸಮಾಸ ಮಾಡಲು ಕನ್ನಡಕ್ಕೆ ವ್ಯಾಕರಣದ ತೊಡಕೇನೂ ಇರಲಿಲ್ಲ. ಆದರೂ ಯಾರೂ ಮಾಡಲಿಲ್ಲ, ಏಕೆಂದರೆ ಅದಕ್ಕೊಂದು ಮನೆಯುಂಟೆಂಬ ಕಲ್ಪನೆಯೇ ಇರಲಿಲ್ಲ. ಜಗಳೂರಿನ ಕಡೆಯ ಬಯಲಿನಲ್ಲಾಗಲಿ, ಚನ್ನಗಿರಿಯ ಕೆರೆಯಂಚಿನಲ್ಲಾಗಲಿ ಜನ ಚೊಂಬೋ ತಂಬಿಗೆಯೋ ಹಿಡಿದು ಹೊರಕಡೆಗೆ ಹೋಗುತ್ತಿದ್ದರು, ಬಯಲುಕಡೆಗೆ ಹೋಗುತ್ತಿದ್ದರು, ಕೆರೆಕಡೆಗೆ ಹೋಗಿಬರುತ್ತಿದ್ದರು. ಪಂಡಿತರು ಬಹಿರ್ದೆಸೆಗೆ ಹೋಗುತ್ತಿದ್ದರು. ಈ ಮಾತುಗಳೆಲ್ಲವೂ ದಿಕ್ಕನ್ನು ಹೇಳುತ್ತವೆಯೇ ಹೊರತು ಕೋಣೆಯನ್ನಲ್ಲ. ಹೊರಗಿದ್ದದ್ದು ಒಳಕ್ಕೆ, ಕಡೆ ಎಂಬುದು ಮನೆ ಎಂಬುದಕ್ಕೆ ಬದಲಾದಾಗಲೇ ಡಚ್ಚರ ಪದ ನಮಗೆ ಬೇಕಾಯಿತು.

ಒಳಕ್ಕೆ ಬಂದ ಮೇಲೆ ಕನ್ನಡವು ಅದಕ್ಕೆ ಮಾಡಿದ ಉಪಚಾರ ವಿಚಿತ್ರವಾದುದು. ನಮ್ಮ ಹಳೆಯ ಮನೆಗಳಲ್ಲಿ ಕೋಣೆಗಳೆಲ್ಲವೂ ಮನೆಗಳೇ: ಅಡುಗೆಮನೆ, ದೇವರಮನೆ, ಬಚ್ಚಲುಮನೆ. ಹಿತ್ತಲಿನ ಮೂಲೆಯಲ್ಲಿ ತಗಡಿನ ಬಾಗಿಲಿನ ಒಂದು ಕೋಣೆ ಎದ್ದಾಗ ಅದನ್ನೂ ಇದೇ ಪಂಕ್ತಿಯಲ್ಲಿ ಕೂರಿಸಿ ಕಕ್ಕಸುಮನೆ ಎಂದರು. ಒಳಗೆ ಅಡಗಿ ಕುಳಿತಿದ್ದ ಡಚ್ಚರ ಮನೆ ಯಾರಿಗೂ ಕಾಣಲಿಲ್ಲ. ಅದರ ಮೇಲೆ ಕನ್ನಡದ ಮನೆಯೊಂದನ್ನು ಕಟ್ಟಿದರು. ಬಿಡಿಸಿ ಹೇಳುವುದಾದರೆ ಕಕ್ಕಸುಮನೆಯೆಂದರೆ ಮಲದ ಮನೆಯ ಮನೆ. ಬೆಸುಗೆ ಅಳಿಸಿಹೋದ ಸಮಾಸಪದವೆಲ್ಲಕ್ಕೂ ಈ ಗತಿ ಬರುವುದುಂಟು. ಪೋರ್ಚುಗೀಸರ ಪಾವ್ ಎಂದರೆ ರೊಟ್ಟಿಯೇ ಆದರೂ ನಾವು ಪಾವ್‌ರೊಟ್ಟಿ ಎನ್ನುತ್ತೇವೆ. ಗಿರಿಯೆಂದರೆ ಬೆಟ್ಟವೇ ಆದರೂ ರಂಗನಾಥನ ದರ್ಶನಕ್ಕೆ ಹೋಗುವವರು ಚನ್ನಗಿರಿ ಬೆಟ್ಟ ಹತ್ತಿ ಬಂದೆವೆನ್ನುತ್ತಾರೆ. ಇದನ್ನು ಪುನರುಕ್ತಿದೋಷವೆಂದು ಜರೆಯುವವರೊಡನೆ ನನಗೆ ಸಮ್ಮತಿಯಿಲ್ಲ. ಜೀವವಿಲ್ಲದ ಅಂಗಕ್ಕೆ ಭಾಷೆ ಜೀವವಿರುವ ಅಂಗವನ್ನು ಜೋಡಿಸಿಕೊಳ್ಳುತ್ತದೆ.

ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಸಂಸ್ಕೃತಪದವನ್ನು ಕನ್ನಡಪದದೊಡನೆ ಮನಬಂದಂತೆ ಬೆಸೆಯುವುದನ್ನು ಅರಿಸಮಾಸವೆಂದು, ಎಂದರೆ ಶತ್ರುಗಳ ಸಮಾಸವೆಂದು, ನಿಷೇಧಿಸಿ, ಹಿಂದಿನಿಂದ ರೂಢಿಯಾಗಿ ಬಂದವುಗಳಿಗೆ ಮಾತ್ರ ವಿನಾಯಿತಿ ಕೊಟ್ಟನು. ಹಾಲೆಂಡಿನ ಸಮಾಸವೊಂದರ ಮೇಲೆ ಕನ್ನಡದ ಮನೆಯನ್ನು ಹೇರಿದ ಈ ಪ್ರಯೋಗವನ್ನು ಕಂಡಿದ್ದರೆ ಆ ಶಾಸ್ತ್ರಜ್ಞ ಏನೆನ್ನುತ್ತಿದ್ದನೋ! ರೂಢಿಯ ಹೆಸರಿನಲ್ಲಿ ಕ್ಷಮಿಸುತ್ತಿದ್ದನೆಂದೇ ನನ್ನ ನಂಬಿಕೆ. ಲಕ್ಷಣಕಾರರು ನಾವೆಣಿಸುವಷ್ಟು ಕಠಿಣಹೃದಯರಲ್ಲ.

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಪದವು ಒಂಟಿಯಾಗಿಲ್ಲ. 1997ರ ಆಗಸ್ಟ್ 15ರಂದು ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದುವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಚೆಗೆ ಬೇರೆ ತಾಲ್ಲೂಕಾಯಿತು. ಹೊಳೆಯಾಚೆಯ ಹಾವೇರಿಯ ಸೀಮೆಯಿಂದ ಮರಾಠಿಯ ಸಂಡಾಸು, ಬಳ್ಳಾರಿಯ ಸೀಮೆಯಿಂದ ಪಾರಸಿಯ ಪಾಯಖಾನೆ, ಮೈಸೂರಿನ ಸೀಮೆಯಿಂದ ಡಚ್ಚರ ಕಕ್ಕಸು ಇವು ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. ಒಂದೇ ಮನೆಯಲ್ಲಿ ಅಜ್ಜಿ ಒಂದನ್ನೂ ತಾಯಿ ಇನ್ನೊಂದನ್ನೂ ಹೇಳಿ, ಮೊಮ್ಮಗಳು ಎರಡನ್ನೂ ಬಿಟ್ಟು ಟಾಯ್ಲೆಟ್ ಎನ್ನುವುದು ಈಗ ಸಾಮಾನ್ಯ ದೃಶ್ಯ.

ಈ ಪದಗಳ ಕುಲಗೋತ್ರವನ್ನು ಒಮ್ಮೆ ವಿಚಾರಿಸಿ ನೋಡುವುದು ಸ್ವಾರಸ್ಯಕರ. ಪಾಯಖಾನೆಯೆಂದರೆ ಪಾದದ ಮನೆ. ಕಾಲಿಗೂ ಆ ಸ್ಥಳಕ್ಕೂ ಏನು ವಿಶೇಷ ಸಂಬಂಧವೋ ಪಾರಸಿಯವರೇ ಹೇಳಬೇಕು. ಲೆಟ್ರಿನ್ ಎಂಬುದರ ಲ್ಯಾಟಿನ್ ಮೂಲಕ್ಕೆ ತೊಳೆಯುವ ಸ್ಥಳವೆಂದರ್ಥ. ಟಾಯ್ಲೆಟ್ ಎಂಬುದಂತೂ ಫ್ರೆಂಚಿನಲ್ಲಿ ಚಿಕ್ಕ ಬಟ್ಟೆ. ಆ ಬಟ್ಟೆಯನ್ನು ಹಾಸಿದ ಅಲಂಕಾರದ ಮೇಜು, ಮೇಜಿದ್ದ ಕೋಣೆ, ಕೋಣೆಯ ಪಕ್ಕದ ಕೋಣೆ ಎಂದು ಸರಿಯುತ್ತ ಸರಿಯುತ್ತ ಅದು ಈಗಿನ ಸ್ಥಾನಕ್ಕೆ ತಲಪಿತು. ನಮ್ಮ ಶೌಚಾಲಯವೆಂದರೆ ಶುಚಿತ್ವದ ಆಲಯ. ಇವೆಲ್ಲವೂ ಹೇಳಬೇಕಾದುದನ್ನು ಹೇಳದೆ ಪಕ್ಕದ ಇನ್ನೇನನ್ನೋ ಹೇಳಿ ಜಾರಿಕೊಳ್ಳುವ ಪದಗಳು. ಇಷ್ಟು ಮಂದಿಯ ನಡುವೆ ಇದ್ದುದನ್ನು ಇದ್ದಂತೆ ನುಡಿದವನು ಡಚ್ಚನೊಬ್ಬನೇ. ಆದರೆ ವಿಧಿಯ ವಿನೋದವೇನೆಂದರೆ, ಆ ನಿಷ್ಠುರಸತ್ಯದ ಪದವೇ ನಮ್ಮಲ್ಲಿಗೆ ಬಂದಾಗ ಮರ್ಯಾದೆಯ ಪದವಾಯಿತು. ಅರ್ಥ ತಿಳಿಯದ ಪದವು ಪರದೆಯ ಕೆಲಸ ಮಾಡುತ್ತದೆ. ಅತ್ತೆಮಾವಂದಿರ ಮುಂದೆ ಅಚ್ಚಗನ್ನಡದ ಪದವನ್ನು ಉಚ್ಚರಿಸಲಾರದ ಸೊಸೆ ಕಕ್ಕಸು ಎಂದು ನಿರಾತಂಕವಾಗಿ ಹೇಳಬಲ್ಲವಳಾದಳು. ಅದರಲ್ಲಿ ಅಡಗಿದ್ದ ಪೂರ್ವಪದ ಅದೇ ವಸ್ತುವೆಂಬುದು ಆಕೆಗೆ ತಿಳಿದಿದ್ದರಲ್ಲವೆ ನಾಚಿಕೆಪಡುವುದು?

ಪರದೆಗಳೂ ಹಳತಾಗುತ್ತವೆ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿ ಇಂದು ಕಕ್ಕಸು ಎಂದು ಫಲಕ ಬರೆಸಿದರೆ ಜನ ನಗುವರು, ಇಲ್ಲವೆ ಕೋಪಿಸಿಕೊಳ್ಳುವರು. ಅಲ್ಲಿ ಸಾರ್ವಜನಿಕ ಶೌಚಾಲಯವೆಂದೇ ಇರಬೇಕು. ಚನ್ನಗಿರಿ ತಾಲ್ಲೂಕಿನವರಿಗೆ ಈ ಬಗೆಯ ನಾಮಪರಿವರ್ತನೆ ಹೊಸದೇನೂ ಅಲ್ಲ. ಏಷ್ಯಾಖಂಡದ ಹೆಸರಾಂತ ಕೆರೆಗಳಲ್ಲಿ ಒಂದಾದ ಅವರ ಸೂಳೆಕೆರೆ ಕಡತಗಳಲ್ಲಿಯೂ ಫಲಕಗಳಲ್ಲಿಯೂ ಶಾಂತಿಸಾಗರವಾಗಿದೆ. ರೈತನ ಬಾಯಲ್ಲಿ ಮಾತ್ರ ಅದು ಸೂಳೆಕೆರೆಯೇ. ಹೆಸರನ್ನು ಸಂಸ್ಕರಿಸಿದವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಕೆರೆ ಕಟ್ಟಿಸಿದಳೆಂದು ಐತಿಹ್ಯ ಕೊಂಡಾಡುವ ಹೆಣ್ಣಿನ ಸ್ಮೃತಿ ಹಳೆಯ ಹೆಸರಿನಲ್ಲಿ ನೇರವಾಗಿತ್ತು.

ಕಕ್ಕಸು ಎಂಬ ಪದ ಅಪಾಂಕ್ತೇಯವಾದುದಕ್ಕೆ ಕೇವಲ ಕಾಲದ ಸವಕಳಿ ಕಾರಣವಲ್ಲ. ಅದಕ್ಕಿಂತ ಕಹಿಯಾದ ಚರಿತ್ರೆಯೊಂದು ಅದಕ್ಕೆ ಅಂಟಿಕೊಂಡಿದೆ. ನೀರಿನ ಸೌಕರ್ಯವಿಲ್ಲದ ಕಾಲದಲ್ಲಿ ಪಟ್ಟಣಗಳ ಕಕ್ಕಸುಗಳೆಂದರೆ ಒಣಕಕ್ಕಸುಗಳು: ಕೆಳಗೆ ಡಬ್ಬಿ, ಹಿಂಬದಿಯಲ್ಲಿ ಗಿಡ್ಡ ಬಾಗಿಲು, ಬೆಳಗಾಗುವ ಮುನ್ನ ಆ ಬಾಗಿಲಿಗೆ ಬಂದು, ಮನೆಯವರು ತಮ್ಮದೆಂದು ನೋಡಲೂ ಒಲ್ಲದುದನ್ನು ತಲೆಯ ಮೇಲೆ ಹೊತ್ತೊಯ್ಯುವ ಒಂದು ಜನಸಮುದಾಯ. ಮನೆಯೊಡೆಯನು ಆ ಪದವನ್ನು ಸಭ್ಯವೆಂದು ಬಳಸಿದನು. ಹೊತ್ತವನಿಗೆ ಅದು ಜಾತಿಯ ಹಣೆಬರಹವಾಯಿತು. ಹರಿಹರದಲ್ಲಿ ಜನಿಸಿದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತವನ್ನು ವಹಿಸಿಕೊಂಡಿದ್ದಾಗ, 1970ರ ದಶಕದ ಆದಿಯಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ತುಂಗಭದ್ರೆಯ ಈ ತೀರದ ಜನ ಹೆಮ್ಮೆಯಿಂದ ನೆನೆಯಬೇಕಾದ ಕಾರ್ಯವದು, ನೆನೆಯುವವರು ವಿರಳ. ಕೇಂದ್ರದ ಕಾಯಿದೆ ಬಂದುದು ಬಹು ತಡವಾಗಿ, 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು. ತಮಿಳುನಾಡಿನಲ್ಲಿ ಈ ವೃತ್ತಿಯ ಕ್ರೌರ್ಯವನ್ನು ಕುರಿತು ದಿವ್ಯಭಾರತಿಯವರು 2017ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರಕ್ಕೆ ಕಕ್ಕೂಸ್ ಎಂದೇ ಹೆಸರು. ಪರದೆಯಾಗಿದ್ದ ಪದವನ್ನು ಮತ್ತೆ ಡಚ್ಚರ ನಿಷ್ಠುರತೆಗೆ ಹಿಂದಿರುಗಿಸಿದ ಶೀರ್ಷಿಕೆಯೆಂದು ನಾನು ಅದನ್ನು ಮೆಚ್ಚುತ್ತೇನೆ.

ಡಚ್ಚರು ನಮಗೆ ಬಿಟ್ಟುಹೋದುದು ಇದೊಂದೇ ಅಲ್ಲ. ಯುಗಾದಿ ದೀಪಾವಳಿಗಳಲ್ಲಿ ನ್ಯಾಮತಿ ಹೊನ್ನಾಳಿಗಳ ಹಳ್ಳಿಯ ಕಟ್ಟೆಗಳ ಮೇಲೆ ಎಲೆ ಹಾಕುವವರು ಕೆಂಪು ಹೃದಯದ ಗುರುತನ್ನು ಆಟೀನು ಎಂದೂ, ಮೂರೆಸಳಿನ ಕಪ್ಪು ಗುರುತನ್ನು ಕಳಾವರು ಎಂದೂ ಕರೆಯುವುದನ್ನು ಕೇಳದವರಾರು? ಹೃದಯಗಳಿಗೆ ಡಚ್ಚರು ಹಾರ್ಟನ್ ಎನ್ನುತ್ತಾರೆ. ಹಕಾರ ರಕಾರಗಳು ಉದುರಿ ಆಟೀನು ಆಯಿತು. ಮೂರೆಸಳಿನ ಮೇವುಸೊಪ್ಪಿಗೆ ಅವರದು ಕ್ಲಾವರ್. ಮೊದಲಿನ ಸಂಯುಕ್ತಾಕ್ಷರವನ್ನು ಕನ್ನಡ ಒಡೆದು ಕಳಾವರು ಮಾಡಿತು. ಇಸ್ಪೀಟು ಮಾತ್ರ ಅವರದಲ್ಲ, ಪೋರ್ಚುಗೀಸರ ಖಡ್ಗವಾದ ಎಸ್ಪಾದಾ, ಡೈಮನ್ನು ಇಂಗ್ಲಿಷರದು. ಒಂದು ಕಟ್ಟು ಎಲೆಯಲ್ಲಿ ಮೂರು ಸಾಮ್ರಾಜ್ಯಗಳು! ನಮ್ಮ ದುಡ್ಡು ಎಂಬ ಪದವೂ ಡಚ್ಚರ ತಾಮ್ರದ ಕಿರುನಾಣ್ಯದ ಹೆಸರಿನಿಂದ ಬಂತೆಂದು ಕೆಲವರು ಹೇಳುತ್ತಾರೆ. ತಮಿಳಿನ ತುಟ್ಟು ಎಂಬುದಕ್ಕೆ ಆ ಮೂಲವನ್ನು ಒಪ್ಪಬಹುದು. ಕನ್ನಡದ ದುಡ್ಡನ್ನು ಅವರ ಲೆಕ್ಕಕ್ಕೆ ಜಮಾ ಮಾಡಲು ನಾನು ಸಿದ್ಧನಿಲ್ಲ.

ಕೊಚ್ಚಿಯ ಡಚ್ ಅಧಿಪತಿ ಹೆಂಡ್ರಿಕ್ ವಾನ್ ರೀಡನು ಇಟ್ಟಿ ಅಚ್ಯುತನೆಂಬ ಮಲಯಾಳದ ವೈದ್ಯನ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಕೊಂಕಣಿ ವಿದ್ವಾಂಸರ ನೆರವಿನಿಂದ ಮಲಬಾರಿನ ಸಸ್ಯಗಳನ್ನೆಲ್ಲ ವರ್ಣಿಸುವ ಹೋರ್ಟುಸ್ ಮಲಬಾರಿಕುಸ್ ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. 1678ರಿಂದ 1693ರವರೆಗೆ ಅದು ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್ಡಾಮಿನಲ್ಲಿ ಅಚ್ಚಾಯಿತು. ಪಂಡಿತರಿಗೆ ಡಚ್ಚರ ಕೊಡುಗೆಯೆಂದರೆ ಆ ಗ್ರಂಥ. ಅದರ ಹೆಸರನ್ನು ಕೇಳಿದವರು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಇದ್ದಾರೋ ನಾನರಿಯೆ. ಹಿತ್ತಲಿನ ಕೋಣೆಯದೊಂದು, ಜಗಲಿಯ ಆಟದ್ದೆರಡು, ಹೀಗೆ ಮೂರು ಪದಗಳನ್ನು ಮಾತ್ರ ಓದುಬರಹ ಬಲ್ಲವರೂ ಅರಿಯದವರೂ ಸಮಾನವಾಗಿ ಉಳಿಸಿಕೊಂಡಿದ್ದಾರೆ.

ನಮ್ಮ ಶಾಲಾ ವ್ಯಾಕರಣಗಳಲ್ಲಿ ಅನ್ಯದೇಶ್ಯ ಪದಗಳ ಪಟ್ಟಿಯೊಂದು ಇರುತ್ತದೆ. ಅರ್ಜಿ, ಕಚೇರಿಗಳು ಹಿಂದೂಸ್ಥಾನಿಯ ಕೆಳಗೆ, ಅಲಮಾರು, ಸಾಬೂನುಗಳು ಪೋರ್ಚುಗೀಸಿನ ಕೆಳಗೆ, ರೈಲು, ಬಸ್ಸುಗಳು ಇಂಗ್ಲಿಷಿನ ಕೆಳಗೆ ಬರುತ್ತವೆ. ಡಚ್ಚಿಗೆ ಸಾಮಾನ್ಯವಾಗಿ ಅಲ್ಲಿ ಸ್ಥಾನವಿರುವುದಿಲ್ಲ. ಕಕ್ಕಸು, ಆಟೀನು, ಕಳಾವರು ಎಂಬ ಮೂರು ಪದಗಳಿಗೆ ನಾಲ್ಕನೆಯ ಒಂದು ಶೀರ್ಷಿಕೆಯನ್ನು ಕಲ್ಪಿಸುವುದು ಪಠ್ಯಪುಸ್ತಕ ರಚಿಸುವವರಿಗೆ ಕಷ್ಟದ ಕೆಲಸವಲ್ಲ. ಅವುಗಳಲ್ಲಿ ಎರಡು ಜೂಜಿನ ಕಟ್ಟೆಯನ್ನೂ ಇನ್ನೊಂದು ಹಿತ್ತಲನ್ನೂ ನೆನಪಿಸುತ್ತವೆಂಬ ಕಾರಣಕ್ಕೆ ಮಕ್ಕಳಿಂದ ಮುಚ್ಚಿಡುವುದಾದರೆ, ವ್ಯಾಕರಣವನ್ನು ಕಲಿಸುವುದಕ್ಕಿಂತ ನಾಚಿಕೆಯನ್ನು ಕಲಿಸಿದಂತಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಕನ್ನಡದ ಉಪಾಧ್ಯಾಯರು ಪುಸ್ತಕಕ್ಕಾಗಿ ಕಾಯದೆ, ಮುಂದಿನ ಸಲ ಸಮಾಸಪ್ರಕರಣವನ್ನು ಬೋಧಿಸುವಾಗ ಕಕ್ಕಸುಮನೆ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರಲ್ಲಿ ಮನೆಗಳು ಎಷ್ಟಿವೆಯೆಂದು ಮಕ್ಕಳನ್ನು ಕೇಳಬೇಕಾಗಿ ನನ್ನ ವಿಜ್ಞಾಪನೆ.